ಹಿಂದಿನ ವೈಪರ್ ನಿಂತೇ ಹೋಗಿದೆ, ಮೋಟರ್ರೇ ಹೋಗಿರಬಹುದಾ?

ಪ್ರಶ್ನೆ:
ನಮ್ಮ ಹ್ಯಾಚ್‌ಬ್ಯಾಕ್ ಕಾರಿನ ಹಿಂದಿನ ವೈಪರ್ ಎರಡು ವಾರದಿಂದ ಅಲ್ಲಾಡುತ್ತಿಲ್ಲ. ಮೊದಲು ಒಮ್ಮೊಮ್ಮೆ ಓಡುತ್ತಿತ್ತು, ಒಮ್ಮೊಮ್ಮೆ ಗಾಜಿನ ನಡುವೆಯೇ ನಿಂತುಬಿಡುತ್ತಿತ್ತು, ಈಗ ಪೂರ್ತಿ ಬಂದ್. ಫ್ಯೂಸ್ ತೆಗೆದು ನೋಡಿದೆ, ಸುಟ್ಟಿಲ್ಲ. ಹಿಂದಿನ ಗಾಜಿಗೆ ನೀರು ಚಿಮ್ಮುತ್ತದೆ. ಗ್ಯಾರೇಜಲ್ಲಿ ಬಿಚ್ಚಿ ನೋಡದೆಯೇ ಮೋಟರ್ ಬದಲಾಯಿಸಿ ಅಂದರು. ಮಳೆಯಲ್ಲಿ ರಿವರ್ಸ್ ತೆಗೆಯುವಾಗ ಹಿಂದೆ ಏನೂ ಕಾಣಲ್ಲ, ತುಂಬಾ ಭಯ ಆಗುತ್ತದೆ. ನಾನೇ ಏನು ಚೆಕ್ ಮಾಡಬಹುದು?

ಉತ್ತರ 1:
ನೀರು ಚಿಮ್ಮುತ್ತದೆ ಅಂದ ಮಾತ್ರಕ್ಕೆ ವೈಪರ್‌ಗೆ ಕರೆಂಟ್ ಬರುತ್ತಿದೆ ಅಂತಲ್ಲ, ನೀರಿನ ಪಂಪ್ ಬೇರೆಯೇ ಇರುತ್ತದೆ. ಎಂಜಿನ್ ಬಂದ್ ಇಟ್ಟು, ಕೀ ಆನ್ ಮಾಡಿ, ಒಬ್ಬರು ಸ್ವಿಚ್ ಹಾಕಲಿ, ನೀವು ಡಿಕ್ಕಿ ಬಾಗಿಲಿಗೆ ಕಿವಿ ಕೊಡಿ. ಮೋಟರ್ ಓಡುವ ಸದ್ದು ಬಂದು ಕಡ್ಡಿ ಮಾತ್ರ ಅಲ್ಲಾಡದಿದ್ದರೆ ಅದರ ಬುಡದ ನಟ್ ಸಡಿಲ ಆಗಿರಬಹುದು. ಬರೀ ಗುಂಯ್ ಅಂದು ನಿಂತರೆ ಶಾಫ್ಟ್‌ಗೆ ನೀರು ಇಳಿದು ತುಕ್ಕು ಹಿಡಿದಿರಬಹುದು. ಸದ್ದೇ ಇಲ್ಲ ಅಂದರೆ ಒಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಮೋಟರ್ ಸಾಕೆಟ್‌ಗೆ ಟೆಸ್ಟ್ ಲ್ಯಾಂಪ್ (ಕರೆಂಟ್ ಬಂದರೆ ಉರಿಯುವ ಸಣ್ಣ ಬಲ್ಬ್) ಹಚ್ಚಿ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ತಂತಿಯ ಒಂದೆರಡು ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ, ಮೋಟರ್ ಓಡಿಸಲು ಆ ಎಳೆ ಸಾಕಾಗಲ್ಲ.

ಉತ್ತರ 2:
ಒಮ್ಮೊಮ್ಮೆ ಓಡುತ್ತಿತ್ತು ಅಂದ್ರಲ್ಲ, ನನಗೆ ವೈರ್ ಮೇಲೇ ಅನುಮಾನ. ಡಿಕ್ಕಿ ಬಾಗಿಲ ಕೀಲಿನ ಹತ್ತಿರ ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆ ಇದೆ ನೋಡಿ, ವೈರ್‌ಗಳೆಲ್ಲ ಅದರೊಳಗೇ ಹೋಗುತ್ತವೆ, ಬಾಗಿಲು ತೆಗೆದು ಹಾಕಿದಾಗೆಲ್ಲ ಅಲ್ಲೇ ಮಡಚಿ ಮಡಚಿ ತುಂಡಾಗುತ್ತವೆ. ನನ್ನ ಕಾರಲ್ಲಿ ಮೇಲಿನ ಪ್ಲಾಸ್ಟಿಕ್ ಚೆನ್ನಾಗೇ ಇತ್ತು. ಒಂದೊಂದೇ ವೈರ್ ಹಿಡಿದು ಮೆಲ್ಲಗೆ ಎಳೆದಾಗ ಕಪ್ಪು ವೈರ್ ಮಾತ್ರ ರಬ್ಬರ್ ಬ್ಯಾಂಡ್ ಥರ ಹಿಗ್ಗಿತು, ಒಳಗಿನ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು. ಅದು ಅರ್ತ್ ವೈರ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಮೋಟರ್‌ಗೆ ಏನೂ ಆಗಿರಲಿಲ್ಲ.

ಪ್ರಶ್ನೆ ಕೇಳಿದವರು:
ಈಗಷ್ಟೇ ಕೊಳವೆ ಸರಿಸಿ ನೋಡಿದೆ. ಎರಡು ವೈರ್ ತುಂಡಾಗಿವೆ, ಇನ್ನೊಂದು ಅರ್ಧ ಕಿತ್ತಿದೆ! ತುದಿ ಮುಟ್ಟಿಸಿ ಹಿಡಿದ ತಕ್ಷಣ ವೈಪರ್ ಓಡಿತು. ಸುತ್ತಿ ಟೇಪ್ ಹಾಕಿದರೆ ಸಾಕಾ?

ಉತ್ತರ 2:
ಬೇಡ, ಮಡಚುವ ಜಾಗ ಅದು, ಟೇಪ್ ಜಾಸ್ತಿ ದಿನ ತಡೆಯಲ್ಲ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಅಷ್ಟೇ ದಪ್ಪದ, ಚೆನ್ನಾಗಿ ಬಾಗುವ ಹೊಸ ವೈರ್ ತುಂಡು ಸೇರಿಸಿ, ಬೆಸುಗೆಗಳು ಕೊಳವೆಯ ಆಚೆಈಚೆ ಬರಲಿ, ಮಡಿಕೆಯೊಳಗೆ ಬೇಡ. ಅರ್ಧ ಕಿತ್ತಿರುವುದನ್ನೂ ಈಗಲೇ ಮಾಡಿಬಿಡಿ.