ಏಳೇ ದಿನದಲ್ಲಿ ಬ್ಲೂಸ್

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಚಿಕ್ಕಮ್ಮ ನಿನ್ನೆ ರಾತ್ರಿ ಒಂದು ಸಂದೇಶ ರವಾನಿಸಿದರು. ಊರೆಲ್ಲ ಸುತ್ತಿ ಬಂದದ್ದಕ್ಕೆ ಸಾಕ್ಷಿಯಾಗಿ ಜೋಡಿ ಬಾಣದ ಗುರುತು ಅದರ ನೆತ್ತಿಯ ಮೇಲಿತ್ತು. "ಏಳೇ ದಿನದಲ್ಲಿ ಹಾರ್ಮೋನಿಕಾದಲ್ಲಿ ಬ್ಲೂಸ್ ಕಲಿಯಿರಿ! ಊದಲು ಬಂದರೆ ಸಾಕು!! ಮಹಾನ್ ವಾದಕ ಸನ್ನಿ ಬಾಯ್ ವಿಲಿಯಮ್ಸನ್ ಕಲಿತದ್ದೂ ಹೀಗೆಯೇ!!!"

ಅಮೆರಿಕದ ಕಪ್ಪುಜನರ ಅಳಲಿನ ಸಂಗೀತವಾದ ಬ್ಲೂಸನ್ನು ಹಾರ್ಮೋನಿಕಾದಲ್ಲಿ, ಅಂದರೆ ಮೌತ್ ಆರ್ಗನ್ನಿನಲ್ಲಿ, ಕಲಿಯಲು ನಾನು ಎಂಟು ತಿಂಗಳಿಂದ ಅದರ ಮೂರನೆಯ ರಂಧ್ರದೊಂದಿಗೆ ಗುದ್ದಾಡುತ್ತಿರುವುದು ಮನೆಮಂದಿಗೆಲ್ಲ ಗೊತ್ತು, ಗೋಡೆಯಾಚೆಯವರಿಗೂ ಗೊತ್ತು. ಮುಂದೆ ನಡೆದದ್ದನ್ನು ಇಲ್ಲಿ ಕೊಡುತ್ತಿದ್ದೇನೆ. ಕಾಗುಣಿತ ತಿದ್ದಿದ್ದೇನೆ, ಕೈಮುಗಿದ ಚಿತ್ರಗಳನ್ನು ತೆಗೆದಿದ್ದೇನೆ.

ಚಿಕ್ಕಮ್ಮ: ಇದನ್ನು ಓದು. ನಿನಗೆ ಎಂಟು ತಿಂಗಳಾಯಿತಲ್ಲವೇ?

ಅಕ್ಕ: ಏಳು ದಿನ! ನಮ್ಮವನು ಏಳು ಜನ್ಮ ಎಂದು ಓದಿಕೊಂಡಿರಬೇಕು.

ಭಾವ: ಇದರ ಮೂಲ ಯಾವುದು ಅತ್ತೆ? ಯಾವ ಸನ್ನಿ ಬಾಯ್? ಆ ಹೆಸರಿನವರು ಇಬ್ಬರಿದ್ದರು. ಜಾನ್ ಲೀ ವಿಲಿಯಮ್ಸನ್ 1948ರಲ್ಲಿ ಶಿಕಾಗೊದಲ್ಲಿ ಕೊಲೆಯಾದರು. ಇನ್ನೊಬ್ಬರು ರೈಸ್ ಮಿಲ್ಲರ್, ಅದೇ ಹೆಸರಿಟ್ಟುಕೊಂಡು ನುಡಿಸಿದವರು, 1965ರಲ್ಲಿ ತೀರಿಕೊಂಡರು.

ಅಣ್ಣ: ನಮ್ಮಲ್ಲಿ ತಾತನ ಹೆಸರು ಮೂವರಿಗಿದೆ ಭಾವ. ಯಾರ ಮೂಲ ಬೇಕು?

ದೊಡ್ಡಪ್ಪ: ವಿಷಯ ಅದಲ್ಲ. ಈಗಿನವರಿಗೆ ತಾಳ್ಮೆ ಇಲ್ಲ. ಯಾವ ವಿದ್ಯೆಯೂ ಏಳು ದಿನದಲ್ಲಿ ಒಲಿಯುವುದಿಲ್ಲ. ಬೆಳಗಿನ ಜಾವ ಎದ್ದು ಸಾಧನೆ ಮಾಡಬೇಕು.

ಅಕ್ಕ: ಬೆಳಗಿನ ಜಾವ ಮಾತ್ರ ಬೇಡ ದೊಡ್ಡಪ್ಪ. ನಾವಿರುವುದು ಅವನ ತಲೆಯ ಮೇಲಿನ ಮಹಡಿಯಲ್ಲಿ.

ಚಿಕ್ಕಮ್ಮ: ಭಾವನವರು ಹೇಳಿದ್ದು ಸರಿ.

ಭಾವ: ಧನ್ಯವಾದ ಅತ್ತೆ.

ಚಿಕ್ಕಮ್ಮ: ನಿಮಗಲ್ಲ ಅಳಿಯಂದಿರೇ. ನಮ್ಮ ಭಾವನವರಿಗೆ.

ನಾನು: ಸಂದೇಶ ಪೂರ್ತಿ ಸುಳ್ಳಲ್ಲ. ಸಿ ಶ್ರುತಿಯ ಹತ್ತು ರಂಧ್ರದ ಹಾರ್ಮೋನಿಕಾದಲ್ಲಿ ಬ್ಲೂಸನ್ನು ಹೆಚ್ಚಾಗಿ ಜಿ ಶ್ರುತಿಯಲ್ಲಿ ನುಡಿಸುತ್ತಾರೆ. ಮೊದಲ ನಾಲ್ಕು ರಂಧ್ರಗಳಲ್ಲಿ ಒಟ್ಟಿಗೆ ಉಸಿರೆಳೆದರೆ ಜಿ ಸ್ವರಮೇಳ ತಾನಾಗಿ ಬರುತ್ತದೆ, ಊದಿದರೆ ಸಿ. ಹನ್ನೆರಡು ಬಾರ್‌ಗಳ, ಅಂದರೆ ಹನ್ನೆರಡು ತಾಳಾವರ್ತಗಳ, ಬ್ಲೂಸಿಗೆ ಬೇಕಾದ ಮುಕ್ಕಾಲು ಸಾಮಾನು ಅಲ್ಲೇ ಇದೆ. ಅಷ್ಟನ್ನು ಲಯ ಹಿಡಿದು ನುಡಿಸಲು ಒಂದು ವಾರ ಸಾಕಾದೀತು. ಆದರೆ "ಊದಲು ಬಂದರೆ ಸಾಕು" ಎಂಬುದು ತಲೆಕೆಳಗು. ಇಲ್ಲಿ ಕೆಲಸವೆಲ್ಲ ಎಳೆಯುವುದರಲ್ಲಿದೆ. ಮೂರನೆಯ ರಂಧ್ರದಲ್ಲಿ ಎಳೆದ ಸ್ವರವನ್ನು, ನಾಲಿಗೆ ಸರಿಸಿ ಬಾಯೊಳಗಿನ ಜಾಗ ಬದಲಿಸುತ್ತ, ಮೂರು ಅರ್ಧಸ್ವರದಷ್ಟು ಕೆಳಕ್ಕೆ ಬಾಗಿಸಬಹುದು. ಬ್ಲೂಸಿನ ಅಳು ಇರುವುದು ಅದರ ಮೊದಲ ಮೆಟ್ಟಿಲಿನ ಆಸುಪಾಸಿನಲ್ಲಿ. ನನ್ನದು ಒಂದೋ ಮೇಲೆಯೇ ಕುಳಿತಿರುತ್ತದೆ, ಇಲ್ಲವೇ ದೊಪ್ಪನೆ ತಳಕ್ಕೆ ಬೀಳುತ್ತದೆ. ನಾಲಿಗೆ ಎಲ್ಲಿದೆ ಎಂದು ಕನ್ನಡಿಯಲ್ಲೂ ಕಾಣುವುದಿಲ್ಲ.

(ನನ್ನ ಸಂದೇಶ ಅರ್ಧದಲ್ಲೇ "ಇನ್ನಷ್ಟು ಓದಿ" ಎಂದು ಮಡಚಿಕೊಂಡಿತ್ತು. ಯಾರೂ ಬಿಡಿಸಿ ನೋಡಿದಂತಿಲ್ಲ.)

ಚಿಕ್ಕಮ್ಮ: ಎರಡನೆಯ ರಂಧ್ರವೂ ಕಷ್ಟವೇ?

ಅಣ್ಣ: ಮೌತ್ ಆರ್ಗನ್ ಎಂದೊಡನೆ ತಾತನದು ನೆನಪಾಗುತ್ತದೆ. ಎರಡು ತಗಡು, ನಡುವೆ ಮರದ ಪಟ್ಟಿ. ನುಡಿಸಿದ ಮೇಲೆ ಅಂಗೈಗೆ ತಟ್ಟಿ ತಟ್ಟಿ ಎಂಜಲು ಕೆಡವಿ, ಕರವಸ್ತ್ರದಲ್ಲಿ ಸುತ್ತಿಡುತ್ತಿದ್ದರು. ಯಾರೋ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕಿ ಹಾಳು ಮಾಡಿದರು.

ಅಕ್ಕ: "ಯಾರೋ" ಎಂದರೆ? ಏಟು ತಿಂದವಳು ನಾನು.

ದೊಡ್ಡಪ್ಪ: ಹಳೆಯದನ್ನೆಲ್ಲ ಈಗ ಕೆದಕುವುದು ಬೇಡ.

ಅಕ್ಕ: ಅದನ್ನು ನೀವೇಕೆ ಹೇಳುತ್ತಿದ್ದೀರಿ ದೊಡ್ಡಪ್ಪ?

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ಮೊಬೈಲ್ ಆರು ನಿಮಿಷ ತೋರಿಸಿತು. ಬಂದದ್ದು ಒಂದೇ ಸಾಲು.

ದೊಡ್ಡಪ್ಪ: ನೆನೆಸಿದರೆ ಸದ್ದು ಜೋರಾಗುತ್ತದೆ ಎಂದು ಕೇಳಿದ್ದೆ.

ಭಾವ: ಯಾರಿಂದ ಕೇಳಿದ್ದು ಮಾವ? ಮೂಲ?

ನಾನು: ಅದು ನಿಜ ಭಾವ. ಹೋನರ್ ಕಂಪನಿಯ ಮರೀನ್ ಬ್ಯಾಂಡ್ 1896ರಲ್ಲಿ ಬಂದ ಮಾದರಿ, ಮರದ ಪಟ್ಟಿಯದು. ಹಳೆಯ ಬ್ಲೂಸ್ ವಾದಕರಲ್ಲಿ ಕೆಲವರು ಅದನ್ನು ನೀರಿಗೆ ಅದ್ದಿಯೇ ನುಡಿಸುತ್ತಿದ್ದರು. ಮರ ಉಬ್ಬಿ ಗಾಳಿ ಸೋರುವುದು ಕಡಿಮೆಯಾಗುತ್ತದೆ. ಆಮೇಲೆ ಒಣಗಿ ಬಿರುಕು ಬಿಡುತ್ತದೆ, ಅದು ಬೇರೆ ಮಾತು.

ದೊಡ್ಡಪ್ಪ: ನೋಡಿ. ಕಲಿಯುತ್ತಿರುವ ಹುಡುಗನೇ ಹೇಳುತ್ತಿದ್ದಾನೆ.

ಅಕ್ಕ: ಅದ್ದುವುದು ಬೇರೆ, ರಾತ್ರಿಯಿಡೀ ಮುಳುಗಿಸುವುದು ಬೇರೆ.

(ಎಂಟು ತಿಂಗಳಲ್ಲಿ ದೊಡ್ಡಪ್ಪ ನನ್ನ ಕಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಇದೇ ಮೊದಲು. ಅಕ್ಕ ನನ್ನೊಂದಿಗೆ ಇನ್ನೂ ಮಾತಾಡಿಲ್ಲ.)

ಅಣ್ಣ: ಅದಿರಲಿ, ಈಗ ಅದು ಯಾರ ಬಳಿ ಇದೆ?

ಅಕ್ಕ: ಮನೆ ಪಾಲಾದಾಗ ನಿಮ್ಮ ಪೆಟ್ಟಿಗೆಯಲ್ಲೇ ಹೋಯಿತು.

ಅಣ್ಣ: ನಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ. ತಾತನ ಗಡಿಯಾರವೂ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಭಾವ: ಪೆಟ್ಟಿಗೆಯಲ್ಲಿ ಏನಿತ್ತೆಂದು ಯಾರಾದರೂ ಬರೆದಿಟ್ಟಿದ್ದಾರೆಯೇ?

ಅಕ್ಕ: ನೀವು ಸುಮ್ಮನಿರಿ.

ಗಡಿಯಾರ ಬಂದ ಮೇಲೆ ಹಾರ್ಮೋನಿಕಾವನ್ನು ಕೇಳುವವರು ಯಾರು? ನಾನು ಗುಂಪಿನ ಸದ್ದು ಅಡಗಿಸಿ ಮೂರನೆಯ ರಂಧ್ರಕ್ಕೆ ಮರಳಿದೆ. ಹತ್ತು ನಿಮಿಷದಲ್ಲಿ ಚಿಕ್ಕಮ್ಮ ನನಗೊಬ್ಬನಿಗೇ ಒಂದು ಚಿತ್ರ ಕಳುಹಿಸಿದರು. ಕರವಸ್ತ್ರದ ಮೇಲೆ ಎರಡು ತಗಡು, ನಡುವೆ ಉಬ್ಬಿ ಹೊರಚಾಚಿದ ಮರದ ಹಲ್ಲುಗಳು, ಮೂಲೆಯಲ್ಲಿ ಸವೆದುಹೋದ ಸಿ ಅಕ್ಷರ.

"ಏಳು ದಿನ ನಿನ್ನೆಗೇ ಮುಗಿಯಿತು. ಎರಡನೆಯದರಲ್ಲಿ ಉಸಿರೆಳೆದರೆ ಸದ್ದೇ ಇಲ್ಲ. ಕೆಟ್ಟಿದೆಯೇ?"

ಹೊಸಬರೆಲ್ಲ ಸಿಕ್ಕಿಬೀಳುವ ರಂಧ್ರ ಅದು. ಮೊದಲ ವಾರ ನಾನೂ ನನ್ನದನ್ನು ಅಂಗಡಿಗೆ ಹಿಂತಿರುಗಿಸಲು ಹೊರಟಿದ್ದೆ.

"ಕೆಟ್ಟಿರಲಿಕ್ಕಿಲ್ಲ ಚಿಕ್ಕಮ್ಮ. ಜೋರಾಗಿ ಹೀರುತ್ತಿದ್ದೀರಿ. ದವಡೆ ಸಡಿಲ ಬಿಟ್ಟು, ಆಕಳಿಸುವಾಗಿನಂತೆ ಗಂಟಲು ತೆರೆದು, ಮೆಲ್ಲಗೆ ಎಳೆಯಿರಿ. ತುಟಿ ಜೋಪಾನ."

ಸ್ವಲ್ಪ ಹೊತ್ತಿಗೆ ನಾಲ್ಕು ಸೆಕೆಂಡಿನ ಧ್ವನಿ ಸಂದೇಶ ಬಂತು. ಮೂರು ಸೆಕೆಂಡು ಬರೀ ಗಾಳಿ, ಕೊನೆಯಲ್ಲಿ ಸ್ವಲ್ಪ ಕೀರಲಾದರೂ ಸ್ಪಷ್ಟವಾದ ಜಿ. ಅದರ ಬೆನ್ನಿಗೇ ಎರಡು ಸಾಲು:

"ಗುಂಪಿನಲ್ಲಿ ಹೇಳಬೇಡ.
ಗಡಿಯಾರವೂ ನನ್ನ ಬಳಿಯೇ ಇದೆ."