ವರ್ಷಕ್ಕೆ ಐದು ಸಾವಿರ ಕಿ.ಮೀ. ಕೂಡ ಓಡದ ಕಾರಿಗೆ ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು?

ನೀರ್ಚಾಲು ಕೆಎಲ್14:

ಎಲ್ಲರಿಗೂ ನಮಸ್ಕಾರ. ಕಾರು 2022ರದ್ದು, ಬಿಎಸ್ 6 (ಹೊಗೆ ಮಿತಿಯ ಸರಕಾರಿ ಮಾನದಂಡ), 1.2 ಲೀಟರ್ ಪೆಟ್ರೋಲ್, ಟರ್ಬೊ ಇಲ್ಲ. ಕಳೆದ ಸಲ ಆಯಿಲ್ ಬದಲಿಸಿ 13 ತಿಂಗಳಾಯಿತು. ಅದರ ನಂತರ ಓಡಿದ್ದು ಬರೀ 4,600 ಕಿ.ಮೀ. ದಿನಾ ಓಟ ನೀರ್ಚಾಲಿನಿಂದ ಬದಿಯಡ್ಕಕ್ಕೆ, ಮೂರ್ನಾಲ್ಕು ಕಿ.ಮೀ. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ತಿಂಗಳಿಗೊಮ್ಮೆ ಮಂಗಳೂರು.

ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು ಎಂದು ಉಂಟು. ಊರಿನ ಒಂದು ಗ್ಯಾರೇಜಿನವರು “10,000 ಆಗುವವರೆಗೆ ಮುಟ್ಟುವುದೇ ಬೇಡ” ಅಂದರು. ಇನ್ನೊಬ್ಬರು “ಪ್ರತಿ 5,000ಕ್ಕೆ ಬದಲಿಸಿ, ನಮ್ಮ ಸೆಕೆಗೆ ದಪ್ಪ ಆಯಿಲ್ ಒಳ್ಳೆಯದು, 20ಡಬ್ಲ್ಯೂ-40 ಹಾಕುವ” ಅಂದರು. ಅಂಗಡಿಯಲ್ಲಿ ನೋಡಿದ ಸಿಂಥೆಟಿಕ್ ಆಯಿಲಿನ ಡಬ್ಬಿಯಲ್ಲಿ 15,000 ಕಿ.ಮೀ. ಎಂದು ಬರೆದಿತ್ತು. ಯಾರ ಮಾತು ಹಿಡಿಯುವುದು?

ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಕಪ್ಪಾಗಿದೆ, ಮಟ್ಟ ಎರಡು ಗೆರೆಗಳ ನಡುವೆ ಉಂಟು. ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣದ ನೊರೆ ಸ್ವಲ್ಪ ಹಿಡಿದಿದೆ. ಹೆದರಬೇಕಾ? ಮತ್ತೆ ಇದನ್ನು ಮನೆಯಲ್ಲೇ ಮಾಡಲು ಆಗುತ್ತದಾ? ಅಣ್ಣನ ಬಿಎಸ್ 6 ಡೀಸೆಲ್ ಗಾಡಿಗೂ ಇದೇ ಲೆಕ್ಕವಾ?

ಸ್ಪ್ಯಾನರ್ ಕುಂಬಳೆ:

ಈ ವಾರವೇ ಬದಲಿಸಿ. ಕೈಪಿಡಿಯ ಸಾಲಿನಲ್ಲಿ “ಯಾವುದು ಮೊದಲೋ ಅದು” ಎಂಬ ಮಾತೇ ಮುಖ್ಯ. ನಿಮಗೆ ಮೊದಲು ಬಂದದ್ದು ತಿಂಗಳು.

ನಿಮ್ಮ ಕಾರಿಗೆ ಕಿಲೋಮೀಟರಿಗಿಂತ ಎಷ್ಟು ಸಲ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಯಿತು ಎಂಬುದು ದೊಡ್ಡ ಲೆಕ್ಕ. ದಿನಕ್ಕೆ 2, ತಿಂಗಳಿಗೆ 25 ದಿನ, 13 ತಿಂಗಳು: 650 ಸ್ಟಾರ್ಟ್. ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಕಾರಿನಲ್ಲಿ ಹೋಗುವವರದು ಒಂದು ಬದಿಗೆ ಸುಮಾರು 50 ಕಿ.ಮೀ. ಅವರ ಕಾರು 10,000 ಕಿ.ಮೀ. ಮುಗಿಸುವಾಗ ಆಗುವುದು 200 ಸ್ಟಾರ್ಟ್. ಓಡಿದ್ದು ಅರ್ಧಕ್ಕಿಂತ ಕಡಿಮೆಯಾದರೂ ನಿಮ್ಮ ಆಯಿಲ್ ಅವರದ್ದಕ್ಕಿಂತ ಹೆಚ್ಚು ಕಷ್ಟಪಟ್ಟಿದೆ.

ಕಾರಣ ಹೀಗೆ. 1 ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ 1 ಲೀಟರಿನಷ್ಟೇ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗೆ ಆಯಿಲಿಗೆ ಇಳಿಯುತ್ತದೆ. ಎಂಜಿನ್ ತಣ್ಣಗಿರುವಾಗ ಕಂಪ್ಯೂಟರ್ ಪೆಟ್ರೋಲನ್ನೂ ಜಾಸ್ತಿ ಬಿಡುತ್ತದೆ, ಅದರ ಒಂದಂಶವೂ ಅಲ್ಲಿಗೇ ಸೇರುತ್ತದೆ. ಆಯಿಲ್ ಸರಿಯಾಗಿ ಕಾದರೆ ಇವೆರಡೂ ಆವಿಯಾಗಿ ಪಿಸಿವಿ ವಾಲ್ವ್ ಮೂಲಕ ಹೊರಟುಹೋಗುತ್ತವೆ. ಮೂರ್ನಾಲ್ಕು ಕಿ.ಮೀ.ಯಲ್ಲಿ ಅದು ಕಾಯುವುದಿಲ್ಲ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಎಂದು ನಂಬಬೇಡಿ. ಅದು ತೋರಿಸುವುದು ಕೂಲೆಂಟಿನ, ಅಂದರೆ ಎಂಜಿನ್ ತಂಪಿಡುವ ದ್ರವದ ಬಿಸಿ. ಆಯಿಲ್ ಅದರ ಹಿಂದೆ ನಿಧಾನಕ್ಕೆ ಬರುತ್ತದೆ, ಅದಕ್ಕೆ ಸಾಧಾರಣ 15–20 ನಿಮಿಷದ ಎಡೆಬಿಡದ ಓಟ ಬೇಕು.

ಒಳಗೆ ಉಳಿದ ನೀರು ಉರಿತದ ಅನಿಲಗಳ ಜೊತೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲವನ್ನು ತಣಿಸಲಿಕ್ಕೆಂದೇ ಆಯಿಲಿನಲ್ಲಿ ಕ್ಷಾರದ ಅಂಶ ಹಾಕಿರುತ್ತಾರೆ. ಅದು ಮುಗಿದ ಮೇಲೆ ಬೇರಿಂಗುಗಳ ಮೇಲೆ ತುಕ್ಕು, ಸವೆತ ಶುರು. ಸಿಂಥೆಟಿಕ್ ಎಂದ ಮಾತ್ರಕ್ಕೆ ಈ ಅಂಶ ಖಾಲಿಯಾಗದೆ ಇರುವುದಿಲ್ಲ. ಡಬ್ಬಿಯ 15,000 ಯಾವ ಎಂಜಿನ್, ಯಾವ ಓಟ ಎಂದು ಹೇಳುವುದಿಲ್ಲ. ಕೈಪಿಡಿ ನಿಮ್ಮ ಎಂಜಿನ್ನಿಗೇ ಬರೆದದ್ದು.

ಕಪ್ಪು ಬಣ್ಣಕ್ಕೆ ಬೆಲೆ ಕೊಡಬೇಡಿ. ಮಸಿಯನ್ನು ಒಂದೆಡೆ ಕೂರಲು ಬಿಡದೆ ತನ್ನೊಳಗೇ ತೇಲಿಸಿ ಹಿಡಿಯುವುದು ಒಳ್ಳೆಯ ಆಯಿಲಿನ ಕೆಲಸ. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಕೆಲವೇ ನೂರು ಕಿ.ಮೀ.ಯಲ್ಲಿ ಕಪ್ಪಾಗುತ್ತದೆ.

ಮುಚ್ಚಳದ ನೊರೆ ಈ ನೀರಿನದ್ದೇ. ಬಟ್ಟೆಯಲ್ಲಿ ಒರೆಸಿ, ಒಮ್ಮೆ ಮಂಗಳೂರಿಗೆ ಹೋಗಿ ಬಂದು ಪುನಃ ನೋಡಿ. ಬಾರದಿದ್ದರೆ ಚಿಂತೆ ಇಲ್ಲ. ಆದರೆ ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದರೆ, ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದ್ದರೆ, ಅದು ಹೆಡ್ ಗ್ಯಾಸ್ಕೆಟಿನ ವಿಷಯ, ಅಂದರೆ ಆಯಿಲ್, ಕೂಲೆಂಟ್ ಬೆರೆಯದ ಹಾಗೆ ತಡೆಯುವ ಸೀಲ್ ಹೋಗಿದೆ. ಆಗ ಗಾಡಿ ಓಡಿಸಬೇಡಿ.

ಮುಳ್ಳೇರಿಯ ವರ್ಕ್‌ಶಾಪ್:

ಕುಂಬಳೆಯವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ನಮ್ಮ ಕಡೆಯ ಗಾಡಿಗಳಿಗೆ ನಾನು ಹೇಳುವುದು 5,000 ಕಿ.ಮೀ. ಅಥವಾ 6 ತಿಂಗಳು. ಗುಡ್ಡ ಹತ್ತುವುದು, ಇಳಿಯುವುದು, ಮುರಕಲ್ಲಿನ ಕೋರೆಯ ಧೂಳು, ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು, ಮೇಲಿನಿಂದ ನಾಲ್ಕು ತಿಂಗಳು ಮಳೆ. ಕೈಪಿಡಿಯ ಹಿಂದಿನ ಪುಟಗಳಲ್ಲಿ “ಕಠಿಣ ಬಳಕೆ” ಎಂದು ಬೇರೆಯೇ ಒಂದು ಪಟ್ಟಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಪದೇ ಪದೇ ಚಿಕ್ಕ ಓಟ, ಧೂಳಿನ ರಸ್ತೆ, ಹೊರೆ ಎಳೆಯುವುದು, ತುಂಬ ಹೊತ್ತು ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡಿಸುವುದು), ಎಲ್ಲ ಅದರಲ್ಲಿ ಬರುತ್ತದೆ. ಅಂಥ ಬಳಕೆಗೆ ಹಲವು ತಯಾರಕರು ಅವಧಿಯನ್ನು ಅರ್ಧಕ್ಕೆ ಇಳಿಸುತ್ತಾರೆ.

ಸ್ಪ್ಯಾನರ್ ಕುಂಬಳೆ:

ಎಲ್ಲ ಗಾಡಿಗೂ 5,000 ಎನ್ನುವುದನ್ನು ಒಪ್ಪುವುದಿಲ್ಲ ಅಣ್ಣ. ದಿನಾ ಹೆದ್ದಾರಿಯಲ್ಲಿ ಓಡುವ ಕಾರಿನಿಂದ 5,000ಕ್ಕೆ ಆಯಿಲ್ ಇಳಿಸಿದರೆ ಚೆಲ್ಲುವುದು ಇನ್ನೂ ಅರ್ಧ ಆಯುಷ್ಯ ಇರುವ ಆಯಿಲನ್ನು. ಹಳೆಯ ಕಾರ್ಬೊರೇಟರ್ ಕಾಲದ ಲೆಕ್ಕ ಅದು. ಆಗ ಪೆಟ್ರೋಲ್ ಕಣ್ಣಂದಾಜಿನಲ್ಲಿ ಬೀಳುತ್ತಿತ್ತು, ಆಯಿಲೂ ಸಾದಾ ಮಿನರಲ್. ಈಗ ಇಂಜೆಕ್ಷನ್ ಉಂಟು, ಇಂಧನವೂ ಶುದ್ಧ: ಬಿಎಸ್ 4ರಲ್ಲಿ ಗಂಧಕ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಇದ್ದದ್ದು ಬಿಎಸ್ 6ರಲ್ಲಿ 10 ಪಿಪಿಎಂ. ಗಂಧಕ ಕಡಿಮೆ ಎಂದರೆ ಆಮ್ಲವೂ ಕಡಿಮೆ. ನೀರ್ಚಾಲಿನವರಿಗೆ 6 ತಿಂಗಳು ಎಂದರೆ ನಾನೂ ಬೇಡ ಅನ್ನುವುದಿಲ್ಲ, ಅವರ ಓಟವೇ ಹಾಗೆ.

ಧೂಳಿಗೆ ಮೊದಲ ಮದ್ದು ಏರ್ ಫಿಲ್ಟರ್. ಡಬ್ಬಿಯ ಕ್ಲಿಪ್ ಸಡಿಲವಿದ್ದರೆ, ಫಿಲ್ಟರಿನ ರಬ್ಬರ್ ಅಂಚು ಸರಿ ಕೂರದಿದ್ದರೆ, ಕಲ್ಲಿನ ಪುಡಿ ನೇರ ಸಿಲಿಂಡರಿಗೆ ಹೋಗುತ್ತದೆ. ಆಮೇಲೆ ಆಯಿಲ್ ಎಷ್ಟು ಬದಲಿಸಿದರೂ ಸವೆದ ರಿಂಗ್ ಪುನಃ ಬರುವುದಿಲ್ಲ.

ಮುಳ್ಳೇರಿಯ ವರ್ಕ್‌ಶಾಪ್:

ಹೆದ್ದಾರಿಯ ಕಾರಿನ ಮಟ್ಟಿಗೆ ಒಪ್ಪಿದೆ. ಕೋರೆಗೆ ಹೋಗುವ ಪಿಕಪ್ಪಿಗೆ ನನ್ನದು 5,000ವೇ.

ಗ್ರೀಸ್ ಗನ್:

ದಪ್ಪ ಆಯಿಲಿನ ವಿಷಯ ಹೇಳಲೇಬೇಕು. 0ಡಬ್ಲ್ಯೂ-20 ಎಂದು ಕೈಪಿಡಿ ಹೇಳಿದ ಎಂಜಿನ್ನಿಗೆ 20ಡಬ್ಲ್ಯೂ-40 ಹಾಕಬಾರದು. ಡಬ್ಲ್ಯೂ ಮುಂದಿನ ಅಂಕಿ ತಣ್ಣಗಿರುವಾಗ ಎಷ್ಟು ಬೇಗ ಹರಿಯುತ್ತದೆ ಎಂಬುದಕ್ಕೆ, ಹಿಂದಿನದ್ದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಎಂಬುದಕ್ಕೆ. “ನಮ್ಮಲ್ಲಿ ಹಿಮ ಬೀಳುವುದಿಲ್ಲ, ಸೊನ್ನೆ ಎಂತಕ್ಕೆ” ಎಂದು ಕೇಳುತ್ತಾರೆ. ಎಂಜಿನ್ ಒಳಗಿನ 100 ಡಿಗ್ರಿಗೆ ಹೋಲಿಸಿದರೆ ನಮ್ಮ ಬೆಳಗಿನ 25 ಡಿಗ್ರಿಯೂ ತಣ್ಣಗೆಯೇ, ಆಗ ಯಾವ ಆಯಿಲಾದರೂ ಎಷ್ಟೋ ಪಟ್ಟು ದಪ್ಪ. ಸವೆತದ ದೊಡ್ಡ ಪಾಲು ಆ ಸ್ಟಾರ್ಟಿನ ಹೊತ್ತಿಗೇ ಆಗುವುದು.

ಇಂದಿನ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟಿನ ಟೈಮಿಂಗ್ ಬದಲಿಸುವ ವಿವಿಟಿ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಅದರ ವಾಲ್ವಿನ ಜಾಲರಿ, ಟೈಮಿಂಗ್ ಚೈನ್ ಟೆನ್ಷನರಿನ ರಂಧ್ರ ಬಹಳ ಸಣ್ಣವು. ದಪ್ಪ ಆಯಿಲ್ ಅಲ್ಲಿಗೆ ತಡವಾಗಿ ತಲುಪುತ್ತದೆ. ಬೆಳಿಗ್ಗೆ ಕೆಲವು ಸೆಕೆಂಡ್ ಚೈನ್ ಸದ್ದು, ಚೆಕ್ ಎಂಜಿನ್ ದೀಪ, ಮೈಲೇಜ್ ಇಳಿತ, ಇವು ಅದರ ಗುರುತು.

ಡಬ್ಬಿಯಲ್ಲಿ ದಪ್ಪದ ಅಂಕಿ ಮಾತ್ರ ನೋಡಿದರೆ ಸಾಲದು. ಪೆಟ್ರೋಲಿಗೆ ಎಪಿಐ ಎಸ್‌ಪಿ ನೋಡಿ, ಅದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಆಯಿಲಿನ ಗುಣಮಟ್ಟಕ್ಕೆ ಕೊಡುವ ದರ್ಜೆ, 2020ರಲ್ಲಿ ಬಂದದ್ದು. ಚೈನ್ ಸವೆತದ ಪರೀಕ್ಷೆ ಅದರಲ್ಲಿ ಸೇರಿದೆ. ಹೊಸ ಕೆಲವು ಎಂಜಿನ್ನುಗಳು 0ಡಬ್ಲ್ಯೂ-16 ಕೇಳುತ್ತವೆ, ಅದಕ್ಕೆ ಅದನ್ನೇ ಹಾಕಿ. ಕಾರಿಗೆ ತಂದು ಉಳಿದದ್ದನ್ನು ಬೈಕಿಗೆ ಸುರಿಯಬೇಡಿ. ಗೇರ್ ಇರುವ ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಅದಕ್ಕೆ ಬೈಕ್ ಆಯಿಲಿನ ಜಪಾನಿ ದರ್ಜೆಯಾದ ಜಾಸೋ ಎಂಎ ಅಥವಾ ಎಂಎ2 ಬೇಕು. ಕಾರಿನ ಆಯಿಲಿನ ಜಾರುವ ಗುಣದಿಂದ ಕ್ಲಚ್ ಸ್ಲಿಪ್ ಆಗುತ್ತದೆ.

ಎಂಜಿನ್ ಫ್ಲಶ್ (ಒಳಗೆ ತೊಳೆಯುವ ದ್ರವ) ಹಾಕುವ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಒಳಗೆ ಕೆಸರು ಕಟ್ಟಿದ್ದರೆ ಅದು ಒಮ್ಮೆಲೇ ಎದ್ದು ಪಂಪಿನ ಬಾಯಿಯ ಜಾಲರಿಯನ್ನು ಕಟ್ಟುತ್ತದೆ. ಸರಿಯಾದ ಆಯಿಲನ್ನು 2,000–3,000 ಕಿ.ಮೀ.ಗೆ ಒಂದೆರಡು ಸಲ ಬದಲಿಸಿದರೆ ನಿಧಾನಕ್ಕೆ ತೊಳೆದುಹೋಗುತ್ತದೆ.

ನೀರ್ಚಾಲು ಕೆಎಲ್14:

ತುಂಬ ಉಪಕಾರ. ಹಾಗಾದರೆ ಕೈಪಿಡಿ ಹೇಳಿದ 0ಡಬ್ಲ್ಯೂ-20, ಎಸ್‌ಪಿ ತರುತ್ತೇನೆ. ಮನೆಯಲ್ಲಿ ಮಾಡುವ ಕ್ರಮ ಯಾರಾದರೂ ಬರೆಯುತ್ತೀರಾ? ವಾರಂಟಿ ಇನ್ನೂ ಉಂಟು.

ಮುಳ್ಳೇರಿಯ ವರ್ಕ್‌ಶಾಪ್:

ವಾರಂಟಿ ಇರುವಾಗ ಕಂಪನಿಯ ಸರ್ವಿಸಿನಲ್ಲೇ ಮಾಡಿಸಿ, ದಾಖಲೆ ಉಳಿಯುತ್ತದೆ. ನಡುವೆ 6 ತಿಂಗಳಿಗೆ ಮಾಡುವುದನ್ನು ಬೇಕಾದರೆ ಮನೆಯಲ್ಲಿ ಮಾಡಿ, ಆಯಿಲ್ ಮತ್ತು ಫಿಲ್ಟರಿನ ಬಿಲ್ ಜೋಪಾನವಾಗಿಡಿ.

ಬೇಕಾದ್ದು: ಇಂಥ 1.2 ಎಂಜಿನ್ನಿಗೆ ಫಿಲ್ಟರ್ ಸೇರಿ ಸುಮಾರು 3ರಿಂದ 3.5 ಲೀಟರ್ ಆಯಿಲ್ (ನಿಖರ ಲೆಕ್ಕ ಕೈಪಿಡಿಯ ಕೊನೆಯ ಪುಟಗಳಲ್ಲಿ), ಅಸಲಿ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್, ಬೋಲ್ಟಿಗೆ ಸರಿ ಹೊಂದುವ ರಿಂಗ್ ಸ್ಪ್ಯಾನರ್ (14 ಅಥವಾ 17 ಮಿ.ಮೀ. ಸಾಮಾನ್ಯ), ಫಿಲ್ಟರ್ ಕಳಚುವ ಸ್ಪ್ಯಾನರ್, ಅಗಲ ಬಾಯಿಯ ಪಾತ್ರೆ.

ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ. ಆಯಿಲ್ ಉಗುರುಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ, ಓಟ ಮುಗಿಸಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡ ಕಲ್ಲು. ಜ್ಯಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವೇ ಬೇಡ.

ಮೇಲಿನ ಮುಚ್ಚಳ ತೆಗೆದು ಕೆಳಗಿನ ಬೋಲ್ಟ್ ಬಿಚ್ಚಿ. ಹತ್ತು ಹದಿನೈದು ನಿಮಿಷ, ಹನಿ ಬಿಟ್ಟು ಬಿಟ್ಟು ಬೀಳುವವರೆಗೆ ಕಾಯಿರಿ. ಹೊಸ ವಾಷರ್ ಹಾಕಿ ಬೋಲ್ಟನ್ನು ಮೊದಲು ಬೆರಳಿನಲ್ಲೇ ಪೂರ್ತಿ ತಿರುಗಿಸಿ. ಬೆರಳಿಗೆ ಬಿಗಿ ಎನಿಸಿದರೆ ಎಳೆ ತಪ್ಪಿದೆ ಎಂದರ್ಥ, ತೆಗೆದು ಪುನಃ ಕೂರಿಸಿ. ಸಂಪ್ (ಆಯಿಲ್ ನಿಲ್ಲುವ ಎಂಜಿನ್ ತಳದ ಪಾತ್ರೆ) ಅಲ್ಯುಮಿನಿಯಮಿನದ್ದಾದರೆ ಉದ್ದ ಸ್ಪ್ಯಾನರ್ ಹಿಡಿದು ಬಲ ಹಾಕಿದವರೆಲ್ಲ ಎಳೆ ಕಿತ್ತಿದ್ದಾರೆ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇದ್ದರೆ ಕೈಪಿಡಿಯ ಅಂಕಿ ಇಡಿ.

ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯಾ ನೋಡಿ. ಎಂಜಿನ್ನಿಗೆ ಅಂಟಿ ಉಳಿದು, ಅದರ ಮೇಲೆ ಹೊಸದು ಕೂತರೆ, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲೆಲ್ಲ ಹೊರಗೆ. ಹೊಸ ರಿಂಗಿಗೆ ಬೆರಳಿನಲ್ಲಿ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಸ್ಪ್ಯಾನರ್ ಕಳಚಲಿಕ್ಕೆ ಮಾತ್ರ.

ತುಂಬುವಾಗ ಹೇಳಿದ ಲೆಕ್ಕಕ್ಕಿಂತ 300 ಮಿ.ಲೀ. ಕಡಿಮೆ ಹಾಕಿ, ಏಕೆಂದರೆ ಹಳೆಯದು ಸ್ವಲ್ಪ ಒಳಗೆ ಉಳಿದೇ ಇರುತ್ತದೆ. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ನಿಲ್ಲಿಸಿ. ಒಂದು ನಿಮಿಷ ಓಡಿಸಿ, ಕೆಳಗೆ ಬಗ್ಗಿ ಫಿಲ್ಟರ್, ಬೋಲ್ಟ್ ಎರಡೂ ಕಡೆ ಸೋರಿಕೆ ನೋಡಿ. ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಹಾಕಿ ತೆಗೆದು ಮಟ್ಟ ನೋಡಿ, ಸ್ವಲ್ಪ ಸ್ವಲ್ಪವೇ ಹಾಕಿ ಮೇಲಿನ ಗೆರೆಯ ತುಸು ಕೆಳಗೆ ನಿಲ್ಲಿಸಿ. ಜಾಸ್ತಿ ಹಾಕುವುದು ಕಡಿಮೆ ಹಾಕಿದಷ್ಟೇ ಕೆಟ್ಟದ್ದು: ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಕೊನೆಗೆ ಮೀಟರಿನ ಸರ್ವಿಸ್ ನೆನಪಿನ ದೀಪವನ್ನು ರೀಸೆಟ್ ಮಾಡಿ. ಹೆಚ್ಚಿನ ಗಾಡಿಗಳಲ್ಲಿ ಅದು ದಿನ, ಕಿ.ಮೀ. ಎಣಿಸುತ್ತದೆಯೇ ಹೊರತು ಆಯಿಲಿನ ಗುಣ ಅಳೆಯುವುದಿಲ್ಲ.

ಉಪ್ಪಳ ಡೀಸೆಲ್:

ಅಣ್ಣನ ಗಾಡಿಗೆ ಲೆಕ್ಕ ಬೇರೆ. ಬಿಎಸ್ 6 ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಉಂಟು. ತುಂಬಿದಾಗ ಎಂಜಿನ್ ತಾನಾಗಿ ಡೀಸೆಲನ್ನು ತಡವಾಗಿ ಸಿಂಪಡಿಸಿ, ಆ ಬಿಸಿಯಿಂದ ಮಸಿಯನ್ನು ಸುಡುತ್ತದೆ. ಅದರಲ್ಲಿ ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಸುಡುವುದು ಮುಗಿಯುವ ಮೊದಲೇ ಗಾಡಿ ನಿಲ್ಲಿಸಿದರೆ ಮುಂದಿನ ಸಲ ಮೊದಲಿನಿಂದ ಶುರು, ಮತ್ತಷ್ಟು ಡೀಸೆಲ್. ಡೀಸೆಲ್ ಕೂಡಿದಷ್ಟೂ ಆಯಿಲ್ ತೆಳ್ಳಗಾಗುತ್ತದೆ, ಟರ್ಬೊ ಬೇರಿಂಗ್ ಮೊದಲು ಹೋಗುತ್ತದೆ.

ಹಾಗಾಗಿ ಡೀಸೆಲಿನಲ್ಲಿ ಡಿಪ್‌ಸ್ಟಿಕ್ಕಿನ ಮಟ್ಟ ಏರಿದರೆ ಸಂತೋಷಪಡಬೇಡಿ. ಮೇಲಿನ ಗೆರೆ ದಾಟಿದರೆ ಕಿ.ಮೀ. ಎಷ್ಟೇ ಇರಲಿ, ಬದಲಿಸಿ. ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ನಿಮಿಷ, 60 ಕಿ.ಮೀ.ಗಿಂತ ಮೇಲಿನ ವೇಗದಲ್ಲಿ ಹೆದ್ದಾರಿಯಲ್ಲಿ ಓಡಿಸಿದರೆ ಡಿಪಿಎಫ್ ತನ್ನ ಕೆಲಸ ಮುಗಿಸುತ್ತದೆ. ಆಯಿಲ್ ಕೈಪಿಡಿ ಹೇಳಿದ ಕಡಿಮೆ ಬೂದಿಯದ್ದೇ ಬೇಕು, ಹೆಚ್ಚಾಗಿ ಯುರೋಪಿನ ದರ್ಜೆಯಾದ ಎಸಿಇಎ ಸಿ2 ಅಥವಾ ಸಿ3. ಲಾರಿಯ 15ಡಬ್ಲ್ಯೂ-40 ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ. ಹೊಸ ಡಿಪಿಎಫ್‌ನ ಬೆಲೆಗೆ ಎಷ್ಟು ವರ್ಷದ ಆಯಿಲ್ ಬರುತ್ತದೆ ಎಂದು ಅಣ್ಣನೇ ವಿಚಾರಿಸಲಿ.

ನೀರ್ಚಾಲು ಕೆಎಲ್14:

ಅಣ್ಣನಿಗೆ ಇದನ್ನು ಹಾಗೆಯೇ ಓದಿ ಹೇಳುತ್ತೇನೆ. ಕೊನೆಯದ್ದು ಒಂದು: ಇಳಿಸಿದ ಹಳೆಯ ಆಯಿಲನ್ನು ಎಂತ ಮಾಡುವುದು? ಗೆದ್ದಲು ಹಿಡಿಯದ ಹಾಗೆ ಬೇಲಿಯ ಕಂಬದ ಬುಡಕ್ಕೆ ಹೊಯ್ಯಲು ಅಪ್ಪ ಹೇಳುತ್ತಿದ್ದಾರೆ.

ಸ್ಪ್ಯಾನರ್ ಕುಂಬಳೆ:

ಅಪ್ಪನಿಗೆ ದಯವಿಟ್ಟು ಬೇಡ ಅನ್ನಿ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಈಗಲೂ ಕುಡಿಯುವ ನೀರು ಗುಡ್ಡ ಕೊರೆದ ಸುರಂಗದಿಂದ, ತೋಟದ ಬದಿಯ ಬಾವಿಯಿಂದ. ಮುರಕಲ್ಲು ತೂತು ತೂತು. ಮೇಲೆ ಹೊಯ್ದದ್ದನ್ನು ಜೂನ್ ಮಳೆ ನೇರ ಕೆಳಗೆ ಒಯ್ಯುತ್ತದೆ. ಹಳೆಯ ಆಯಿಲಿನಲ್ಲಿ ಬೇರಿಂಗಿನಿಂದ ಸವೆದ ಲೋಹ, ಉರಿದು ಉಳಿದ ವಿಷ ಎರಡೂ ಇರುತ್ತವೆ. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ ಸೋಸಿ, ಎರಡನ್ನೂ ಪೇಟೆಯ ವರ್ಕ್‌ಶಾಪಿಗೆ ಕೊಡಿ. ಅವರಲ್ಲಿ ಬ್ಯಾರಲ್ ಇರುತ್ತದೆ, ಮರುಸಂಸ್ಕರಣೆಗೆ ಒಯ್ಯುವವರು ಬಂದು ತೆಗೆದುಕೊಂಡು ಹೋಗುತ್ತಾರೆ. ನೀರು, ಕೂಲೆಂಟ್, ಬ್ರೇಕ್ ಆಯಿಲ್ ಅದಕ್ಕೆ ಬೆರೆಸಬೇಡಿ, ಬೆರೆತರೆ ಅವರು ಮುಟ್ಟುವುದಿಲ್ಲ.

ಮುಳ್ಳೇರಿಯ ವರ್ಕ್‌ಶಾಪ್:

ಬದಿಯಡ್ಕದಲ್ಲಿ ಯಾವ ವರ್ಕ್‌ಶಾಪಿಗೆ ಹೋದರೂ ತೆಗೆದುಕೊಳ್ಳುತ್ತಾರೆ, ಮೊದಲು ಒಂದು ಮಾತು ಕೇಳಿ. ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ಚೂರಿಯಿಂದ ತೂತು ಮಾಡಿ, ಲೇಬಲ್ ಹರಿಯಿರಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾದ್ದು ಅದೇ ಡಬ್ಬಿ.