ಕ್ರಿಸ್‌ಮಸ್ ಮರಕ್ಕೆ ಪುಟಾಣಿ ಪುಸ್ತಕಗಳು: ಮುಖಪುಟದ ಶಾಯಿ ಹರಡುತ್ತಿದೆ, ರಟ್ಟು ಬಾಗುತ್ತಿದೆ

ಓದುಗಿಣಿ:
ನಮಸ್ಕಾರ. ಈ ಸಲ ಕ್ರಿಸ್‌ಮಸ್ ಮರಕ್ಕೆ ನನ್ನ ಮೆಚ್ಚಿನ ಕಾದಂಬರಿಗಳನ್ನೇ ಪುಟಾಣಿ ಪುಸ್ತಕಗಳಾಗಿ ಮಾಡಿ ತೂಗುಹಾಕುವ ಆಸೆ. ಅಳತೆ 4 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರ. ಮುಖಪುಟಗಳನ್ನು ನಾನೇ ಬಿಡಿಸಿ, ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಮುದ್ರಿಸಿ, ಬಿಳಿ ಅಂಟಿನಿಂದ ತೆಳು ರಟ್ಟಿಗೆ ಅಂಟಿಸುತ್ತಿದ್ದೇನೆ. ಹೊಳಪಿಗಾಗಿ ಅದೇ ಅಂಟಿಗೆ ನೀರು ಬೆರೆಸಿ ಮೇಲೊಂದು ಲೇಪ ಕೊಡುತ್ತೇನೆ. ಬ್ರಷ್ ಆಡಿಸಿದ ಕೂಡಲೇ ಕಪ್ಪು ಅಕ್ಷರಗಳ ಅಂಚಿನಿಂದ ನೇರಳೆ ಬಣ್ಣ ಹೊರಟು ಪಕ್ಕದ ಹಳದಿಯೊಳಗೆ ಇಳಿಯುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ರಟ್ಟು ಬಿಲ್ಲಿನಂತೆ ಬಾಗಿರುತ್ತದೆ. ಶಾಯಿಯ ದೋಷವೋ, ಅಂಟಿನದೋ?

ರಟ್ಟುಬೆನ್ನು:
ಎರಡಕ್ಕೂ ಕಾರಣ ಒಂದೇ, ನೀರು. ಬಿಳಿ ಅಂಟಿನಲ್ಲಿ ಮೊದಲೇ ನೀರಿದೆ, ನೀವು ಇನ್ನಷ್ಟು ಸೇರಿಸುತ್ತಿದ್ದೀರಿ. ಬಹಳಷ್ಟು ಇಂಕ್‌ಜೆಟ್ ಶಾಯಿಗಳು ನೀರಿನಲ್ಲಿ ಕರಗುವ ಬಣ್ಣಗಳು. ಕಾಗದದ ಮೇಲೆ ಒಣಗಿದರೂ ತೇವ ತಾಕಿದರೆ ಮತ್ತೆ ಕರಗುತ್ತವೆ. ಬೇಡದ ಮುದ್ರಣವೊಂದರ ಮೂಲೆಯನ್ನು ಒದ್ದೆ ಹತ್ತಿಯಿಂದ ಒರೆಸಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅದರ ಮೇಲೆ ಬ್ರಷ್ ಆಡಿಸುವಂತಿಲ್ಲ.

ಸುಲಭದ ದಾರಿ ಲೇಸರ್ ಮುದ್ರಣ. ಅದರ ಟೋನರ್ ಎಂದರೆ ಬಿಸಿಯಿಂದ ಕಾಗದಕ್ಕೆ ಕರಗಿ ಅಂಟಿದ ಪ್ಲಾಸ್ಟಿಕ್ ಪುಡಿ, ನೀರಿಗೆ ಜಗ್ಗುವುದಿಲ್ಲ. ಆದರೆ ಮಡಿಕೆಯಲ್ಲಿ ಟೋನರ್ ಬಿರುಕು ಬಿಟ್ಟು ಬಿಳಿ ಗೆರೆ ಕಾಣಿಸುತ್ತದೆ. ಪುಸ್ತಕದ ಬೆನ್ನಿನ ಎರಡೂ ಅಂಚುಗಳಲ್ಲಿ ಮೊಂಡು ಸೂಜಿಯಿಂದ ಮೊದಲೇ ಗೀರಿಟ್ಟು, ಆಮೇಲೆ ಮಡಿಸಿ. ಅಷ್ಟಾದರೂ ಬಿಳಿ ಇಣುಕಿದರೆ ಅದೇ ಬಣ್ಣದ ಪೆನ್ಸಿಲ್ ಸಾಕು.

ಇಂಕ್‌ಜೆಟ್ ಅನ್ನೇ ಬಳಸುವುದಾದರೆ ಮುದ್ರಣವನ್ನು ಒಂದು ದಿನ ಒಣಗಲು ಬಿಟ್ಟು, ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ಎರಡು ಮೂರು ಸಲ ತೆಳುವಾಗಿ ಹೊಡೆಯಿರಿ, ಬಯಲಿನಲ್ಲಿ. ಒಂದೇ ಸಲಕ್ಕೆ ದಪ್ಪವಾಗಿ ಹೊಡೆದರೆ ಅದೂ ಶಾಯಿಯನ್ನು ಹರಡಿಸುತ್ತದೆ.

ಓದುಗಿಣಿ:
ಹತ್ತಿ ಪೂರ್ತಿ ನೇರಳೆಯಾಯಿತು! ಲೇಸರ್‌ನಲ್ಲೇ ಮುದ್ರಿಸಿಕೊಳ್ಳುತ್ತೇನೆ. ಬಾಗುವುದಕ್ಕೆ ಏನು ಮಾಡಲಿ? ಭಾರವಾದ ನಿಘಂಟು ಹೇರಿದರೂ ತೆಗೆದ ಮೇಲೆ ಮತ್ತೆ ಬಾಗುತ್ತದೆ.

ರಟ್ಟುಬೆನ್ನು:
ಭಾರ ಹೇರುವ ಮೊದಲು ನಾರಿನ ದಿಕ್ಕು ನೋಡಬೇಕು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ನೀರು ಕುಡಿದ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುತ್ತದೆ. ಅಂಟು ಹಚ್ಚಿದಾಗ ಮುಖಪುಟ ಹಿಗ್ಗಿ, ಒಣಗುವಾಗ ಕುಗ್ಗಿ, ರಟ್ಟನ್ನು ತನ್ನತ್ತ ಎಳೆಯುತ್ತದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಿಕೆ ಬೀಳದಂತೆ ಮೆಲ್ಲಗೆ ಬಗ್ಗಿಸಿ. ಯಾವ ಕಡೆ ಅಂಗೈಗೆ ಕಡಿಮೆ ಪ್ರತಿರೋಧ ಸಿಗುತ್ತದೋ ಅಲ್ಲಿ ಬಾಗುವ ಗೆರೆಯ ಗುಂಟ ನಾರು ಮಲಗಿದೆ. ರಟ್ಟನ್ನೂ ಹೀಗೆಯೇ ಪರೀಕ್ಷಿಸಿ. ಎರಡರ ನಾರೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರುವಂತೆ ಕತ್ತರಿಸಿ. ದೊಡ್ಡ ಪುಸ್ತಕಕ್ಕೂ ಬೈಂಡಿಂಗ್‌ನವರು ಪಾಲಿಸುವ ನಿಯಮ ಇದೇ.

ರಟ್ಟಿನ ಒಳಮೈಗೂ ಒಂದು ಕಾಗದ ಅಂಟಿಸಲೇಬೇಕು. ಆಗ ಎರಡೂ ಬದಿಯ ಎಳೆತ ಸರಿಹೋಗುತ್ತದೆ. ಅಂಟಿಗೆ ನೀರು ಬೆರೆಸಬೇಡಿ, ನಡುವಿನಿಂದ ಅಂಚಿಗೆ ತೆಳುವಾಗಿ ಎಳೆಯಿರಿ. ಮೇಣದ ಕಾಗದದ ನಡುವೆ ಇಟ್ಟು, ಆಮೇಲೆ ನಿಘಂಟು ಹೇರಿ.

ಮಂಜುಹೂ:
ಇಷ್ಟೆಲ್ಲ ಯಾಕೆ, ಲ್ಯಾಮಿನೇಟ್ ಮಾಡಿಸಿದರೆ ಮುಗಿಯಿತಲ್ಲ? ನಾನಂತೂ ಮುಖಪುಟದ ಗೋಜಿಗೇ ಹೋಗುವುದಿಲ್ಲ. ಕಥೆಯಲ್ಲಿ ಬರುವ ಕೀಲಿಕೈ, ಲಾಂದ್ರ, ಹಡಗುಗಳನ್ನು ಉಪ್ಪು ಹಿಟ್ಟಿನಲ್ಲಿ ಮಾಡುತ್ತೇನೆ. ಆದರೆ ಕಳೆದ ವರ್ಷದವು ಈಗ ಮೆತ್ತಗಾಗಿ ಜಿನುಗುತ್ತಿವೆ.

ರಟ್ಟುಬೆನ್ನು:
ಲ್ಯಾಮಿನೇಷನ್ ಒಪ್ಪಲಾರೆ. ಪುಸ್ತಕವನ್ನು ಪ್ರೀತಿಸುವವರ ಕೈಗೆ ಕಾಗದದ ಸ್ಪರ್ಶ ಸಿಗಬೇಕು.

ಉಪ್ಪು ಹಿಟ್ಟಿನದು ಬೇರೆ ಕಥೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಉಪ್ಪು ತೇವ ಹೀರಿ ಕರಗತೊಡಗುತ್ತದೆ. ಎರಡು ಪಾಲು ಮೈದಾ, ಒಂದು ಪಾಲು ಉಪ್ಪು, ಕಲಸಲು ಬೇಕಾದಷ್ಟೇ ನೀರು, ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, ದಾರದ ತೂತನ್ನು ಹಸಿಯಲ್ಲೇ ಮಾಡಿ, 100ರಿಂದ 120 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಳಗೂ ಗಟ್ಟಿಯಾಗುವವರೆಗೆ ಒಣಗಿಸಿ. ಬಿಸಿ ಹೆಚ್ಚಿಸಿದರೆ ಉಬ್ಬುತ್ತದೆ. ಪೂರ್ತಿ ಆರಿದ ಮೇಲೆ ವಾರ್ನಿಷ್. ಹಿಂಬದಿ ಮತ್ತು ತೂತಿನ ಒಳಗೋಡೆ ಬಿಟ್ಟುಹೋದರೆ ತೇವ ಅಲ್ಲಿಂದಲೇ ನುಗ್ಗುತ್ತದೆ. ಮನೆಯಲ್ಲಿ ನಾಯಿಯಿದ್ದರೆ ಮರದ ಕೆಳಕೊಂಬೆಗೆ ಇವನ್ನು ಕಟ್ಟಬೇಡಿ. ಅಷ್ಟು ಉಪ್ಪು ತಿಂದರೆ ಅದರ ಜೀವಕ್ಕೇ ಅಪಾಯ.

ಓದುಗಿಣಿ:
ಲೇಸರ್ ಮುದ್ರಣ, ನಾರಿನ ದಿಕ್ಕು, ಒಳಕಾಗದ ಮೂರನ್ನೂ ಪಾಲಿಸಿದೆ. ರಟ್ಟು ನೇರವಾಗಿ ನಿಂತಿದೆ, ಅಕ್ಷರ ಒಂದಿಷ್ಟೂ ಕದಡಿಲ್ಲ. ತುಂಬ ಧನ್ಯವಾದಗಳು. ಉಳಿದದ್ದು ಒಂದೇ: ಬೆನ್ನಿನ ತುದಿಗೆ ದಾರ ಕಟ್ಟಿದರೆ ಪುಸ್ತಕ ಓರೆಯಾಗಿ ನೇತಾಡುತ್ತದೆ, ಮುಖಪುಟವೂ ತೆರೆದುಕೊಳ್ಳುತ್ತದೆ.

ರಟ್ಟುಬೆನ್ನು:
ಬೆನ್ನು ಒಂದು ಅಂಚಿನಲ್ಲಿದೆ, ಭಾರವೆಲ್ಲ ಅದರ ಪಕ್ಕದಲ್ಲಿದೆ. ಹಿಂದಿನ ರಟ್ಟಿಗೂ ಪುಟಗಳ ಕಟ್ಟಿಗೂ ನಡುವೆ, ಮೇಲಂಚಿನ ಸರಿಮಧ್ಯದಲ್ಲಿ ರಿಬ್ಬನ್ನಿನ ಎರಡು ತುದಿಗಳನ್ನು 2 ಸೆಂ.ಮೀ. ಒಳಗಿಟ್ಟು ಅಂಟಿಸಿ. ಮುಖಪುಟ ತೆರೆಯದಿರಲು ಮೊದಲ ಪುಟದ ಹೊರ ಅಂಚಿಗೆ ಅಂಟಿನ ಒಂದು ಹನಿ ಸಾಕು.